ರಾತ್ರಿ ಹತ್ತರ ಕರೆ, ಬೆಳಿಗ್ಗೆ ಎಂಟೂವರೆಯ ಲಾಗ್

ಹೋದ ವರ್ಷ ಶ್ರಾವಣದಲ್ಲಿ ನಮ್ಮ ಮೇಷ್ಟ್ರು ಫೋನ್ ಮಾಡಿದರು. ತುಮಕೂರಿನಲ್ಲಿ ನಮಗೆ ಭೌತಶಾಸ್ತ್ರ ಹೇಳಿಕೊಟ್ಟವರು, ನಿವೃತ್ತರಾಗಿ ತುಂಬಾ ವರ್ಷ ಆಯಿತು. "ಅಟ್ಟ ಖಾಲಿ ಮಾಡಿಸ್ತಿದ್ದೀನಿ ಕಣಯ್ಯಾ. ಆ ಕಂಪ್ಯೂಟರ್ ಇನ್ನೂ ಇದೆ. ಗುಜರಿಯವನಿಗೆ ಕೊಟ್ಟುಬಿಡ್ಲಾ, ಇಲ್ಲ ನೀನು ಬಂದು ನೋಡ್ತೀಯಾ?" ಅಂದರು. ಮುಂದಿನ ಶನಿವಾರವೇ ಸೋಮೇಶ್ವರಪುರಂನ ಅವರ ಮನೆಯಲ್ಲಿದ್ದೆ.

ಆ ಕಂಪ್ಯೂಟರ್ ಒಂದು 486, ತೊಂಬತ್ತರ ದಶಕದ ಪ್ರೊಸೆಸರಿನದು. ಎಂಟು ಎಂಬಿ ಮೆಮೊರಿ, 420 ಎಂಬಿ ಹಾರ್ಡ್ ಡಿಸ್ಕ್, ಹಳೇ ಆಪರೇಟಿಂಗ್ ಸಿಸ್ಟಂ ಡಾಸ್ 6.22. ಪಕ್ಕದಲ್ಲಿ ಮೋಡೆಮ್, ಅಂದರೆ ಫೋನ್ ಲೈನ್ ಮೇಲೆ ಕಂಪ್ಯೂಟರುಗಳನ್ನು ಮಾತಾಡಿಸುವ ಪೆಟ್ಟಿಗೆ. 1996ರಿಂದ 1999ರವರೆಗೆ ಮೇಷ್ಟ್ರು ಅದರಲ್ಲಿ ಬುಲೆಟಿನ್ ಬೋರ್ಡ್ ನಡೆಸುತ್ತಿದ್ದರು. ಈಗಿನ ಹುಡುಗರಿಗೆ ಹೇಳಬೇಕೆಂದರೆ: ನಿಮ್ಮ ಕಂಪ್ಯೂಟರಿನ ಮೋಡೆಮ್‌ನಿಂದ ಮೇಷ್ಟ್ರ ಮನೆ ನಂಬರಿಗೆ ಡಯಲ್ ಮಾಡುತ್ತೀರಿ. ಆ ಕಡೆ ಮೋಡೆಮ್ ಎತ್ತಿಕೊಳ್ಳುತ್ತದೆ. ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ಬೇರೆಯವರು ಬರೆದಿಟ್ಟದ್ದನ್ನು ಓದಿ, ನಿಮ್ಮದನ್ನು ಬರೆದು, ಫೋನ್ ಇಡುತ್ತೀರಿ. ಆಗ ಮಾತ್ರ ಇನ್ನೊಬ್ಬರಿಗೆ ಲೈನ್ ಸಿಗುತ್ತದೆ. ಮನೆಯ ಫೋನೇ ಆದ್ದರಿಂದ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮಾತ್ರ ಬೋರ್ಡ್. ಹಗಲು ಆ ಫೋನ್ ಆಂಟಿಯದು.

ಇಂಥ ಬೋರ್ಡ್‌ಗಳಲ್ಲಿ ಮೊದಲನೆಯದು ಶಿಕಾಗೋದಲ್ಲಿ 1978ರ ಫೆಬ್ರವರಿಯಲ್ಲಿ ಶುರುವಾಯಿತು. ಹಿಮ ಬಿದ್ದು ಊರೇ ಕಟ್ಟಿಹಾಕಿದಂತಾಗಿದ್ದಾಗ ವಾರ್ಡ್ ಕ್ರಿಸ್ಟೆನ್‌ಸೆನ್, ರ‍್ಯಾಂಡಿ ಸ್ಯೂಸ್ ಅನ್ನುವ ಇಬ್ಬರು ಗೆಳೆಯರು ಕೂತು ಕಟ್ಟಿದ್ದು. ನಮ್ಮಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಜನರಿಗೆ ಇಂಟರ್‌ನೆಟ್ ಕೊಟ್ಟಿತು, ಆದರೆ ಮೊದಲು ಸಿಕ್ಕಿದ್ದು ದೊಡ್ಡ ಊರುಗಳಿಗೆ. ತುಮಕೂರಿನವರು ಬೆಂಗಳೂರಿಗೆ ಎಸ್‌ಟಿಡಿ ಮಾಡಿ ಇಂಟರ್‌ನೆಟ್ ನೋಡುವುದು ಅಂದರೆ ಅಪ್ಪನ ಕೈಲಿ ಬೈಸಿಕೊಳ್ಳುವುದು ಅಂತಲೇ ಅರ್ಥ. ಮೇಷ್ಟ್ರ ಬೋರ್ಡ್ ಲೋಕಲ್ ಕಾಲ್.

ಸಾಫ್ಟ್‌ವೇರ್ ಅವರೇ ಬರೆದದ್ದು. ಬೋರ್ಲ್ಯಾಂಡ್ ಸಿ++ 3.1 ಅನ್ನುವ ಕಂಪೈಲರಿನಲ್ಲಿ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಮಾಡಿಕೊಡುವ ಸಾಧನ), ಆದರೆ ಭಾಷೆ ಪೂರ್ತಿ ಸಾದಾ ಸಿ. ಕೋಡ್ ಎಲ್ಲ ಡಿಸ್ಕ್‌ನಲ್ಲೇ ಇತ್ತು. ಮೇಷ್ಟ್ರು ಕೇಳಿದ್ದು ಇಷ್ಟೇ: ಇದು ಈಗಿನ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮೇಲೆ ಓಡಬೇಕು, ಹಳೇ ಹುಡುಗರು ತಮ್ಮ ಹಳೇ ಹೆಸರಲ್ಲೇ ಒಳಗೆ ಬರಬೇಕು, ಅವರು ಬರೆದದ್ದು ಅವರಿಗೆ ಕಾಣಬೇಕು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಹಳೇ ಬೋರ್ಡ್ ಒಂದು ಓಡಿದರೆ ಸಾಕು ಅನ್ನುವವರು ಪೋರ್ಟ್ ಮಾಡುವ, ಅಂದರೆ ಕೋಡನ್ನು ಹೊಸ ಸಿಸ್ಟಮ್ಮಿಗೆ ಒಗ್ಗಿಸುವ ಗೋಜಿಗೆ ಹೋಗಬೇಡಿ. ಹಳೇ ಡಾಸ್ ಯಂತ್ರದಂತೆ ನಟಿಸುವ ಡಾಸ್‌ಬಾಕ್ಸ್ ಒಳಗೆ ಹಾಕಿ. ಅದಕ್ಕೆ ಸುಳ್ಳು ಮೋಡೆಮ್ ಒಂದನ್ನು ತೋರಿಸಿ ನೆಟ್‌ವರ್ಕ್‌ನಿಂದ ಕರೆ ತೆಗೆದುಕೊಳ್ಳುವ ಸೌಲಭ್ಯ ಇದೆ. ಒಂದು ಸಂಜೆಯಲ್ಲಿ ಮುಗಿಯುತ್ತದೆ. ಬೋರ್ಡೇ ಬೇಕು, ಯಾವುದಾದರೂ ಸರಿ ಅಂದರೆ ಸಿಂಕ್ರೋನೆಟ್ ಇದೆ. ಡಾಸ್ ಕಾಲದ್ದು, ಈಗ ಲಿನಕ್ಸ್ ಮೇಲೆ ಚೆನ್ನಾಗಿ ಓಡುತ್ತದೆ. ಡಾಸ್‌ಗೂ ಓಎಸ್/2ಗೂ ಬರೆದಿದ್ದ ಮ್ಯಾಕ್ಸಿಮಸ್ ಕೂಡ ಆಮೇಲೆ ಮುಕ್ತ ತಂತ್ರಾಂಶದ ಪರವಾನಗಿಯಾದ ಜಿಪಿಎಲ್ ಅಡಿ ಬಿಡುಗಡೆಯಾಗಿ ಯುನಿಕ್ಸ್‌ಗೆ ಬಂತು. ನಮಗೆ ಇವು ಆಗಿಬರಲಿಲ್ಲ. ಮೇಷ್ಟ್ರಿಗೆ ತಮ್ಮದೇ ಮೆನು ಬೇಕು, ತಮ್ಮದೇ ಫೈಲು ಬೇಕು, ಜೊತೆಗೆ ಒಂದೇ ಸಲ ನಾಲ್ಕೈದು ಜನ ಒಳಗೆ ಇರಬೇಕು. ಡಾಸ್‌ಬಾಕ್ಸ್‌ನಲ್ಲಿ ಆ ಕೊನೆಯದು ಆಗುವುದಿಲ್ಲ.

ಡಿಸ್ಕ್ ಹೊರತೆಗೆದ ಕತೆ ಚಿಕ್ಕದು. ಐಡಿಇಯಿಂದ ಯುಎಸ್‌ಬಿಗೆ ಅಡಾಪ್ಟರ್ ಹಾಕಿ, ಹಾಳಾದ ಡಿಸ್ಕಿನಿಂದಲೂ ನಕಲು ತೆಗೆಯುವ ಡಿಡಿರೆಸ್ಕ್ಯೂ ಓಡಿಸಿ, ಪೂರ್ತಿ ನಕಲು ತೆಗೆದುಕೊಂಡೆ. ಕೆಲವು ಸೆಕ್ಟರ್ ಹೋಗಿದ್ದವು, ಎಲ್ಲವೂ ಆಟಗಳ ಫೋಲ್ಡರಿನಲ್ಲಿ. ಆಮೇಲೆ ಮೂಲ ಡಿಸ್ಕನ್ನು ಮುಟ್ಟಲಿಲ್ಲ. ಅದು ಈಗಲೂ ಮೇಷ್ಟ್ರ ಬೀರುವಿನಲ್ಲಿ ಸೀರೆಗಳ ಕೆಳಗೆ ಇದೆ.

ಕಂಪೈಲ್ ಮಾಡಿದ್ದು ವಾಪಸ್ ಬರುವ ರೈಲಿನಲ್ಲಿ. ಮೊದಲ ಸಲ ಪರದೆ ತುಂಬ ಎರರ್. ಮೆಮೊರಿಯ ವಿಳಾಸ ಹಿಡಿದಿಡುವ ಫಾರ್ ಪಾಯಿಂಟರ್, ಹ್ಯೂಜ್ ಪಾಯಿಂಟರ್ ಎಲ್ಲ ಕಿತ್ತುಹಾಕಿದೆ. 640 ಕೆಬಿಯ ಕಾಲದ ಆ ಕಟ್ಟುಪಾಡು ಇಲ್ಲಿ ಬೇಡ. ಪರದೆ ಒರೆಸುವ, ಕರ್ಸರ್ ಸರಿಸುವ ಬೋರ್ಲ್ಯಾಂಡ್ ಫಂಕ್ಷನ್‌ಗಳ ಜಾಗಕ್ಕೆ ಈಗಿನ ಪರದೆಗೆ ಅದನ್ನೇ ಹೇಳುವ ಆನ್ಸಿ ಎಸ್ಕೇಪ್ ಸಾಲುಗಳು ಬಂದವು. ಫೈಲಿನ ದಾರಿಯಲ್ಲಿದ್ದ ಹಿಂಬದಿ ಗೆರೆಗಳೆಲ್ಲ (\) ಮುಂಬದಿ ಗೆರೆ (/) ಆದವು. ಡಾಸ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ, ಲಿನಕ್ಸ್‌ಗೆ ಅಲ್ಲ. ಮೇಷ್ಟ್ರು ಒಂದೇ ಫೈಲಿನ ಹೆಸರನ್ನು ಮೂರು ಥರ ಬರೆದಿದ್ದರು. ಎಲ್ಲ ಸಣ್ಣಕ್ಷರಕ್ಕೆ ತಂದೆ. ಹಿರೇಹಳ್ಳಿ ದಾಟಿದಾಗ ಶುರು ಮಾಡಿದ್ದು, ಯಶವಂತಪುರ ಬರುವಷ್ಟರಲ್ಲಿ ಬೋರ್ಡಿನ ಸ್ವಾಗತ ಪರದೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಕಾಣಿಸಿತು. ಕೆಲಸ ಮುಗಿಯಿತು ಅಂದುಕೊಂಡು ಮೇಷ್ಟ್ರಿಗೆ ಫೋಟೋ ಬೇರೆ ಕಳಿಸಿದೆ.

ಲಿನಕ್ಸ್‌ನ ಕಂಪೈಲರ್ ಜಿಸಿಸಿ ಬೈದ ಕಡೆ ತಿದ್ದಲು ಒಂದೂವರೆ ಗಂಟೆ ಹಿಡಿಯಿತು. ಅದು ಸುಮ್ನೆ ಇದ್ದ ಕಡೆ ನಾಲ್ಕು ವಾರ.

ಮೊದಲು ಸಿಕ್ಕಿದ್ದು ಸದಸ್ಯರ ಪಟ್ಟಿ. ಪಟ್ಟಿ ತೋರಿಸು ಅಂದರೆ ಮೊದಲ ಹೆಸರು ಮೇಷ್ಟ್ರದು, ಸರಿಯಾಗಿಯೇ ಬಂತು. ಎರಡನೆಯ ಸಾಲು ಖಾಲಿ. ಮೂರನೆಯ ಸಾಲಿನಲ್ಲಿ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಒಂದು ಪದ. ನಾಲ್ಕನೆಯದು "5" ಅನ್ನುವ ಅಂಕಿಯಿಂದ ಶುರುವಾಗಿ ಮುಂದೆ ಕಸ. ಒಟ್ಟು 162 ಸದಸ್ಯರು. "ಇನ್ನೂರರ ಮೇಲೆ ಇದ್ರಲ್ಲಯ್ಯಾ, ಉಳಿದವರು ಎಲ್ಲಿಗೆ ಹೋದ್ರು?" ಅಂದರು ಮೇಷ್ಟ್ರು.

ಎಲ್ಲಿಗೂ ಹೋಗಿರಲಿಲ್ಲ. ಅಳತೆ ಬದಲಾಗಿತ್ತು. ಕೋಡಿನಲ್ಲಿ ಒಬ್ಬ ಸದಸ್ಯನ ದಾಖಲೆ ಹೀಗಿತ್ತು: ಹೆಸರಿಗೆ 25 ಬೈಟ್, ಪಾಸ್‌ವರ್ಡ್‌ಗೆ 9, ಆಮೇಲೆ ಮಟ್ಟ ಹೇಳುವ ಒಂದು ಇಂಟ್ (ಸಾದಾ ಸಂಖ್ಯೆಯ ಜಾಗ), ಕೊನೆಯ ಕರೆಯ ಹೊತ್ತಿಗೆ ಒಂದು ಲಾಂಗ್ (ದೊಡ್ಡ ಸಂಖ್ಯೆಯ ಜಾಗ), ಎಷ್ಟು ಸಲ ಬಂದರು ಅನ್ನುವುದಕ್ಕೆ ಇನ್ನೊಂದು ಇಂಟ್, ಕೊನೆಗೆ ಗುರುತಿಗೆ ಒಂದು ಬೈಟ್. ಡಾಸ್‌ನಲ್ಲಿ ಇಂಟ್ ಅಂದರೆ 2 ಬೈಟ್, ಲಾಂಗ್ ಅಂದರೆ 4. ಬೋರ್ಲ್ಯಾಂಡ್ ನಡುವೆ ಜಾಗ ಬಿಡುವುದಿಲ್ಲ. ಕೂಡಿದರೆ 43. ಅದೇ ಸಾಲುಗಳನ್ನು 64 ಬಿಟ್ ಲಿನಕ್ಸ್‌ನಲ್ಲಿ ಕಂಪೈಲ್ ಮಾಡಿದರೆ ಇಂಟ್ 4, ಲಾಂಗ್ 8. ಮೇಲಾಗಿ ಪ್ರತಿ ಸಂಖ್ಯೆಯನ್ನೂ ಅದರ ಅಳತೆಗೆ ತಕ್ಕ ಜಾಗದಲ್ಲಿ ಕೂರಿಸಲು ಜಿಸಿಸಿ ಅಲ್ಲಲ್ಲಿ ಖಾಲಿ ಬೈಟ್ ತುಂಬುತ್ತದೆ. ಕೂಡಿದರೆ 56.

ಫೈಲಿನಲ್ಲಿ 9,116 ಬೈಟ್ ಇತ್ತು. 43ರಿಂದ ಭಾಗಿಸಿದರೆ ಶೇಷವಿಲ್ಲದೆ 212. 56ರಿಂದ ಭಾಗಿಸಿದರೆ 162, ಮೇಲೆ ಒಂದಿಷ್ಟು ಚೂರು. ಅಂದರೆ ನನ್ನ ಪ್ರೋಗ್ರಾಂ ಪ್ರತಿ ಹೆಜ್ಜೆಗೂ 13 ಬೈಟ್ ಮುಂದಕ್ಕೆ ಜಾರುತ್ತಿತ್ತು. ಎರಡನೆಯವರ ಹೆಸರನ್ನು 14ನೇ ಅಕ್ಷರದಿಂದ ಓದಿದರೆ, ಅವರದು ಚಿಕ್ಕ ಹೆಸರು, ಅಲ್ಲಿ ಏನೂ ಇಲ್ಲ. ಮೂರನೆಯವರಲ್ಲಿ 26 ಬೈಟ್ ಜಾರಿ ನೇರವಾಗಿ ಪಾಸ್‌ವರ್ಡಿನ ಎರಡನೇ ಅಕ್ಷರದ ಮೇಲೆ ಬಿದ್ದಿತ್ತು. ಪರದೆ ಮೇಲೆ ಕಂಡ ಆ ಅರ್ಥವಿಲ್ಲದ ಪದ ಒಬ್ಬರ ಪಾಸ್‌ವರ್ಡ್! ನಾಲ್ಕನೆಯವರಲ್ಲಿ 39 ಜಾರಿ, ಕೊನೆಯ ಕರೆಯ ಹೊತ್ತಿನ ಕೊನೆಯ ಬೈಟ್. 1970ರಿಂದ ಎಣಿಸಿದ ಸೆಕೆಂಡುಗಳಲ್ಲಿ ಆ ಬೈಟ್ ಹೆಕ್ಸ್ (ಹದಿನಾರರ ಎಣಿಕೆ) 35 ಆಗಿರುವುದು 1998ರ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ. ಹೆಕ್ಸ್ 35ನ್ನು ಅಕ್ಷರ ಅಂತ ಓದಿದರೆ "5". ಕಸ ಅಂದುಕೊಂಡಿದ್ದು ತಾರೀಖು ಹೇಳುತ್ತಿತ್ತು.

ಖಾಲಿ ಬೈಟ್ ತುಂಬಬೇಡ ಅಂತ ಜಿಸಿಸಿಗೆ ಹೇಳುವ ಒಂದು ಪದ ಇದೆ. ಅದನ್ನು ಹಾಕಿ, ಇಂಟ್ ಇದ್ದಲ್ಲಿ 16 ಬಿಟ್, ಲಾಂಗ್ ಇದ್ದಲ್ಲಿ 32 ಬಿಟ್ ಅಂತ ಬರೆದರೆ ಕೆಲಸ ಆಗುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಫೈಲನ್ನು ಬೈಟ್ ಬೈಟಾಗಿ ಓದಿ, ಚಿಕ್ಕ ಬೆಲೆಯ ಬೈಟ್ ಮೊದಲು ಅನ್ನುವ ಲೆಕ್ಕದಲ್ಲಿ ಸಂಖ್ಯೆ ಕಟ್ಟುವ ಒಂದು ಫಂಕ್ಷನ್ ಬರೆದೆ. ಬರೆಯುವುದಕ್ಕೂ ಅಂಥದೇ ಇನ್ನೊಂದು. ಕೋಡ್ ಉದ್ದ ಆಯಿತು, ಆದರೆ ಯಾವ ಕಂಪೈಲರಿಗೆ ಕೊಟ್ಟರೂ 43 ಅಂದರೆ 43. ಫ್ರೀಬಿಎಸ್‌ಡಿ ಅನ್ನುವ ಇನ್ನೊಂದು ಸಿಸ್ಟಮ್ಮಿನಲ್ಲೂ ಓಡಿಸಿ ನೋಡಿದೆ, ಒಂದು ಸಾಲೂ ಬದಲಿಸಬೇಕಾಗಲಿಲ್ಲ.

212 ಜನ ಸಿಕ್ಕರು. ಮೇಷ್ಟ್ರು ಹೆಸರು ಓದುತ್ತಾ ಹೋದರು. ಯಾರು ಎಲ್ಲಿದ್ದಾರೆ, ಯಾರಿಗೆ ಮದುವೆ ಆಯಿತು, ಯಾರು ಟ್ಯೂಷನ್ ಫೀಸು ಕೊಡದೆ ಹೋದರು ಅಂತ ಪ್ರತಿ ಹೆಸರಿಗೂ ಒಂದು ಕತೆ. ನಡುವೆ ನಿಲ್ಲಿಸಿ, "ಇವನು ಬೆಳಿಗ್ಗೆ ಎಂಟೂವರೆಗೆ ಹೆಂಗಯ್ಯಾ ಬಂದಿದ್ದಾನೆ?" ಅಂದರು.

ನೋಡಿದರೆ ಎಲ್ಲರೂ ಹಾಗೆಯೇ. ಕರೆಗಳ ಲಾಗ್ ತೆರೆದೆ. ಬೋರ್ಡ್ ಯಾವುದೋ ಕಚೇರಿಯ ಥರ ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆಗೆದು ಸಂಜೆ ನಾಲ್ಕೂವರೆಗೆ ಮುಚ್ಚುತ್ತಿತ್ತು. ಅಡಿಗೆಮನೆಯಿಂದ ಆಂಟಿ ತೀರ್ಪು ಕೊಟ್ಟರು: "ಆ ಹೊತ್ತಲ್ಲಿ ನಮ್ಮನೆ ಫೋನು ಯಾರಿಗೂ ಸಿಗ್ತಿರ್ಲಿಲ್ಲ. ನಾನು ನಮ್ಮಕ್ಕನ ಹತ್ರ ಮಾತಾಡ್ತಿದ್ದೆ."

486ರ ಗಡಿಯಾರ ತಪ್ಪಿತ್ತೇನೋ ಅಂದುಕೊಂಡೆ. ಆದರೆ ತಪ್ಪಿದ ಗಡಿಯಾರ ಮೂರು ವರ್ಷ ಕರಾರುವಾಕ್ಕಾಗಿ ಹತ್ತೂವರೆ ಗಂಟೆಯಷ್ಟೇ ತಪ್ಪುವುದಿಲ್ಲ ಅಲ್ವಾ? ಇನ್ನೂ ಕೆದಕಿದಾಗ ಮತ್ತೊಂದು ಕಂಡಿತು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬಾಗಿಲು ತೆಗೆದದ್ದು ಏಳೂವರೆಗೆ. ಉಳಿದ ತಿಂಗಳು ಎಂಟೂವರೆಗೆ. ವರ್ಷಕ್ಕೆ ಎರಡು ಸಲ ಗಡಿಯಾರ ಒಂದು ಗಂಟೆ ಅತ್ತಿತ್ತ ಆಗುವುದು ತುಮಕೂರಿನಲ್ಲಿ ಅಲ್ಲ. ಅದು ಅಮೆರಿಕದ ಪದ್ಧತಿ.

ಕಾರಣ ಬೋರ್ಲ್ಯಾಂಡ್ ಕೈಪಿಡಿಯಲ್ಲೇ ಇದೆ. ಈಗ ಗಂಟೆ ಎಷ್ಟು ಅಂತ ಪ್ರೋಗ್ರಾಂ ಕೇಳಿದರೆ ಬೋರ್ಲ್ಯಾಂಡಿನ ಲೈಬ್ರರಿ ಡಾಸ್ ಗಡಿಯಾರ ನೋಡುತ್ತದೆ, ಅದನ್ನು ಗ್ರೀನಿಚ್ ಹೊತ್ತಿಗೆ ತಿರುಗಿಸಿ ಕೊಡುತ್ತದೆ. ತಿರುಗಿಸಲು ಊರಿನ ಟೈಮ್‌ಝೋನ್ ಗೊತ್ತಿರಬೇಕು. ಅದನ್ನು ನೀವು ಹೇಳಿಡದಿದ್ದರೆ ಅದು ತಾನೇ ಅಮೆರಿಕದ ಪೂರ್ವ ಕರಾವಳಿ ಅಂತ ಭಾವಿಸುತ್ತದೆ, ಬೇಸಿಗೆಯ ಒಂದು ಗಂಟೆಯನ್ನೂ ಸೇರಿಸಿ. ಮೇಷ್ಟ್ರು ಹೇಳಿಟ್ಟಿರಲಿಲ್ಲ. ಗಡಿಯಾರದಲ್ಲಿ ರಾತ್ರಿ ಹತ್ತು. ಲೈಬ್ರರಿ ಅದನ್ನು ನ್ಯೂಯಾರ್ಕಿನ ಹತ್ತು ಅಂದುಕೊಂಡು ಐದು ಗಂಟೆ ಕೂಡಿ, ಗ್ರೀನಿಚ್‌ನಲ್ಲಿ ನಸುಕಿನ ಮೂರು ಅಂತ ಬರೆದಿಟ್ಟಿತು. ತೋರಿಸುವಾಗ ಅದೇ ಐದು ಗಂಟೆ ಕಳೆದು ತೋರಿಸುತ್ತಿತ್ತು. ಹಾಗಾಗಿ ಡಾಸ್‌ನಲ್ಲಿ ಇದ್ದಷ್ಟು ದಿನ ಯಾರಿಗೂ ಏನೂ ತಿಳಿಯಲಿಲ್ಲ. ಲಿನಕ್ಸ್‌ಗೆ ತುಮಕೂರು ಎಲ್ಲಿದೆ ಅಂತ ಗೊತ್ತು. ಆ ಮೂರಕ್ಕೆ ಐದೂವರೆ ಕೂಡಿ ಎಂಟೂವರೆ ಅಂದಿತು. ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ.

"ನಾನೇ ಅಮೆರಿಕಾ ನೋಡಿಲ್ಲ, ನನ್ನ ಕಂಪ್ಯೂಟರ್ ಮೂರು ವರ್ಷ ಅಲ್ಲೇ ಇತ್ತಾ?" ಅಂತ ಮೇಷ್ಟ್ರು ಆ ದಿನವೆಲ್ಲ ನಗುತ್ತಿದ್ದರು.

ಎಲ್ಲದರಿಂದ ಹತ್ತೂವರೆ ಗಂಟೆ ಕಳೆದುಬಿಟ್ಟರೆ ಬೇಸಿಗೆಯ ಲೆಕ್ಕ ತಪ್ಪುತ್ತದೆ. ಅದಕ್ಕೇ ಪರಿವರ್ತನೆಯ ಪ್ರೋಗ್ರಾಂ ಮೊದಲು ತಾನು ನ್ಯೂಯಾರ್ಕಿನಲ್ಲಿದ್ದೇನೆ ಅಂತ ಭಾವಿಸಿ ಹೊತ್ತನ್ನು ಓದುತ್ತದೆ. ಆಮೇಲೆ ಆ ಗಂಟೆ ನಿಮಿಷವನ್ನು ಭಾರತದ ಹೊತ್ತು ಅಂತ ತೆಗೆದುಕೊಂಡು ಮತ್ತೆ ಬರೆಯುತ್ತದೆ. ಬೇಸಿಗೆ ಯಾವತ್ತು ಶುರು, ಯಾವತ್ತು ಮುಗಿಯಿತು ಅನ್ನುವ ಹಳೇ ನಿಯಮಗಳು ಲಿನಕ್ಸ್‌ನ ಟೈಮ್‌ಝೋನ್ ಪಟ್ಟಿಯಲ್ಲೇ ಇವೆ. ಒಂದೇ ತೊಡಕು: ಆಗೆಲ್ಲ ಏಪ್ರಿಲ್‌ನ ಮೊದಲ ಭಾನುವಾರ ನಸುಕಿನ ಎರಡರಿಂದ ಮೂರರ ನಡುವಿನ ಗಂಟೆ ಅಮೆರಿಕದಲ್ಲಿ ಇರುತ್ತಲೇ ಇರಲಿಲ್ಲ. ಆ ಗಂಟೆಯಲ್ಲಿ ತುಮಕೂರಿನಿಂದ ಯಾರೂ ಕರೆ ಮಾಡಿರಲಿಲ್ಲ. ಬಚಾವ್.

ಮೋಡೆಮ್‌ನ ಭಾಗ ಇದಕ್ಕಿಂತ ಕಷ್ಟ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ, ಯಾಕಂದರೆ ಮೇಷ್ಟ್ರು ಮೋಡೆಮ್ ಸಿಕ್ಕಿಸುವ ಸೀರಿಯಲ್ ಪೋರ್ಟನ್ನು ನೇರವಾಗಿ ಮುಟ್ಟಿರಲಿಲ್ಲ. ಆ ಕಾಲದ ಬೋರ್ಡ್‌ಗಳಿಗೆ ಫಾಸಿಲ್ ಡ್ರೈವರ್ ಅಂತ ಒಂದು ನಡುಗಾರ ಇತ್ತು. ಇಂಟರಪ್ಟ್ ಹೆಕ್ಸ್ 14 ಅನ್ನುವ, ಪ್ರೋಗ್ರಾಂಗಳು ಸೇವೆ ಕೇಳುವ ಬಾಗಿಲಿಗೆ ಹೋಗಿ "ಈ ಅಕ್ಷರ ಕಳಿಸು", "ಏನಾದರೂ ಬಂದಿದೆಯಾ", "ಆ ಕಡೆ ಲೈನ್ ಇದೆಯಾ", "ಫೋನ್ ಇಡು" ಅಂತ ಕೇಳಿದರೆ ಸಾಕು. ಮೇಷ್ಟ್ರ ಕೋಡಿನಲ್ಲಿ ಆ ಇಂಟರಪ್ಟ್ ಕರೆಗಳೆಲ್ಲ ಒಂದೇ ಫೈಲಿನಲ್ಲಿ, ಏಳು ಫಂಕ್ಷನ್‌ಗಳ ಒಳಗೆ ಇದ್ದವು. ಇಪ್ಪತ್ತೈದು ವರ್ಷ ಆದಮೇಲೆ ಬಂದ ನನಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಏಳನ್ನೂ ಹೊಸದಾಗಿ ಬರೆದೆ. ಒಳಬರುವವರನ್ನು ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವ್ಯವಸ್ಥೆ) ನೋಡಿಕೊಳ್ಳುತ್ತದೆ, ಬೋರ್ಡ್‌ಗೆ ಅದು ಸಾದಾ ಟರ್ಮಿನಲ್. ಆ ಕಡೆಯವರು ಕಿಟಕಿ ಮುಚ್ಚಿದರೆ ಹ್ಯಾಂಗಪ್ ಸಿಗ್ನಲ್ ಬರುತ್ತದೆ. ಹೆಸರೇ ಹೇಳುವಂತೆ ಅದು ಫೋನ್ ಇಟ್ಟ ಕಾಲದ ಸಿಗ್ನಲ್ಲೇ.

ಓಡಿಸಿದ ಐದು ನಿಮಿಷಕ್ಕೆ ಲ್ಯಾಪ್‌ಟಾಪ್‌ನ ಫ್ಯಾನ್ ಜೋರಾಗಿ ಕೂಗತೊಡಗಿತು. ಬೋರ್ಡ್‌ನಲ್ಲಿ ಒಬ್ಬನೇ ಇದ್ದೆ, ಏನೂ ಒತ್ತುತ್ತಿರಲಿಲ್ಲ, ಆದರೂ ಪ್ರೊಸೆಸರ್ ನೂರಕ್ಕೆ ನೂರು. ಹಳೇ ಕೋಡ್ "ಬಂತಾ? ಬಂತಾ? ಬಂತಾ?" ಅಂತ ಬಿಡುವಿಲ್ಲದೆ ಕೇಳುತ್ತಿತ್ತು. 486ಗೆ ರಾತ್ರಿ ಬೇರೆ ಕೆಲಸ ಇರಲಿಲ್ಲ, ಕೇಳುತ್ತಲೇ ಇರಲಿ ಬಿಡಿ. ಇಲ್ಲಿ ಪೋಲ್ ಅನ್ನುವ ಕರೆ ಹಾಕಿದೆ: ಏನಾದರೂ ಬಂದರೆ ಎಬ್ಬಿಸು, ಇಲ್ಲದಿದ್ದರೆ ಒಂದು ಸೆಕೆಂಡ್ ಮಲಗಿರುತ್ತೇನೆ. ಫ್ಯಾನ್ ನಿಂತಿತು.

ಮೇಷ್ಟ್ರ ಮನೆಗೆ ಅಂತ ತಂದಿದ್ದು ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಷ್ಟು ಕಂಪ್ಯೂಟರ್. ಕರೆಂಟ್ ಹೋದರೂ ಪುಟ್ಟ ಯುಪಿಎಸ್ ಮೇಲೆ ತುಂಬಾ ಹೊತ್ತು ಇರುತ್ತದೆ. ಅದರಲ್ಲಿ ಹಾಕಿದ ಕೂಡಲೇ ಬೋರ್ಡ್‌ಗೆ ದೆವ್ವ ಹಿಡಿಯಿತು. "ನಿಮ್ಮ ಹೆಸರು?" ಅಂತ ಕೇಳುತ್ತದೆ. ಯಾರೂ ಏನೂ ಒತ್ತಿಲ್ಲ, ಕರ್ಸರ್ ತಾನೇ ಬಲಕ್ಕೆ ಓಡುತ್ತದೆ. 24 ಖಾಲಿ ಜಾಗ ತುಂಬಿದ ಮೇಲೆ "ಅಂಥವರು ಇಲ್ಲ" ಅನ್ನುತ್ತದೆ. ಮತ್ತೆ ಕೇಳುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಅದೇ ಕೋಡ್ ತೆಪ್ಪಗಿತ್ತು.

ಒಂದು ಇಡೀ ಭಾನುವಾರ ಇದಕ್ಕೆ ಹೋಯಿತು. ಕೀ ಒತ್ತಿಲ್ಲ ಅಂದರೆ ಫಂಕ್ಷನ್ ಮೈನಸ್ ಒಂದನ್ನು ಕ್ಯಾರ್ (ಒಂದು ಅಕ್ಷರ ಹಿಡಿಯುವ ಒಂದೇ ಬೈಟಿನ ಜಾಗ) ಆಗಿ ವಾಪಸ್ ಕೊಡುತ್ತಿತ್ತು. ಇಂಟೆಲ್ ಮೇಲಿನ ಲಿನಕ್ಸ್‌ನಲ್ಲಿ ಕ್ಯಾರ್‌ಗೆ ಮೈನಸ್ ಗೊತ್ತು. ಪೈನಲ್ಲಿರುವುದು ಆರ್ಮ್ ಪ್ರೊಸೆಸರ್, ಅಲ್ಲಿನ ಲಿನಕ್ಸ್‌ನಲ್ಲಿ ಕ್ಯಾರ್ ಅಂದರೆ ಸೊನ್ನೆಯಿಂದ 255. ಮೈನಸ್ ಒಂದು ಅಲ್ಲಿ 255 ಆಗಿ, ಯಾರೋ ಒತ್ತಿದ ಅಕ್ಷರ ಅನ್ನಿಸಿಕೊಂಡಿತು. ಡಾಸ್‌ನ ಅಕ್ಷರ ಪಟ್ಟಿಯಲ್ಲಿ 255 ಅಂದರೆ ಖಾಲಿ ಜಾಗ. ಕ್ಯಾರ್ ತೆಗೆದು ಇಂಟ್ ಹಾಕಿದೆ. ಒಂದು ಪದ. ಅಷ್ಟಕ್ಕೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಹೋಗೋಣ ಅಂದಿದ್ದ ಗೆಳೆಯನ ಜೊತೆ ಜಗಳ.

ಡಬ್ಬಿ ಗೆರೆಗಳ ಕತೆ ಹೇಳುವಷ್ಟು ದೊಡ್ಡದಲ್ಲ. ಮೆನುವಿನ ಸುತ್ತ ಡಾಸ್‌ನ ಜೋಡಿ ಗೆರೆ ಚೌಕಟ್ಟು ಇತ್ತು, ಈಗಿನ ಟರ್ಮಿನಲ್‌ನಲ್ಲಿ ಪ್ರಶ್ನೆ ಚಿಹ್ನೆ ಆಗಿ ಕಂಡಿತು. ಮೇಲಿನ 128 ಅಕ್ಷರಗಳನ್ನು ಯೂನಿಕೋಡ್‌ಗೆ ತಿರುಗಿಸುವ ಪಟ್ಟಿ ಹಾಕಿದೆ. ಹುಡುಗರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದಿದ್ದರು, ಅದನ್ನು ಹಾಗೇ ಬಿಟ್ಟೆ.

ಕೊನೆಯ ತೊಂದರೆ ಕಂಡದ್ದು ಜನ ಬಂದ ಮೇಲೆ. ಪರೀಕ್ಷೆಗೆ ಅಂತ ಮೂವರು ಹಳೇ ಸಹಪಾಠಿಗಳನ್ನು ಕರೆದಿದ್ದೆ. ಇಬ್ಬರು ಒಂದೇ ಹೊತ್ತಿಗೆ ಸಂದೇಶ ಬರೆದರು. ಒಬ್ಬಳ ಹೆಸರಿನ ಕೆಳಗೆ ಇನ್ನೊಬ್ಬನ ಮಾತು ಬಂದು ಕೂತಿತು. ಮಾತೂ ಅಂಥದೇ, ಮೇಷ್ಟ್ರ ಹಳೇ ಸ್ಕೂಟರ್ ಬಗ್ಗೆ. ಬೋರ್ಡ್ ಮೊದಲು ಸಂದೇಶದ ಪಠ್ಯವನ್ನು ಒಂದು ಫೈಲಿನ ಕೊನೆಗೆ ಸೇರಿಸಿ, ಆಮೇಲೆ ಇನ್ನೊಂದು ಫೈಲಿನಲ್ಲಿ ಹೆಸರನ್ನೂ ಪಠ್ಯ ಎಲ್ಲಿದೆ ಅನ್ನುವುದನ್ನೂ ಬರೆಯುತ್ತದೆ. ನಡುವೆ ಮತ್ತೊಬ್ಬರು ನುಗ್ಗಿದರೆ ಅದಲು ಬದಲು. ಹಳೇ ಕೋಡಿನಲ್ಲಿ ಎಲ್ಲೂ ಬೀಗ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಇದ್ದದ್ದು ಒಂದೇ ಫೋನ್ ಲೈನ್, ಅದೇ ಬೀಗ. ಈಗ ಬರೆಯುವ ಮೊದಲು ಒಂದು ಲಾಕ್ ಫೈಲ್ ಹಿಡಿದು, ಎರಡೂ ಫೈಲು ಮುಗಿದ ಮೇಲೆ ಬಿಡುತ್ತದೆ.

ತಾಂತ್ರಿಕವಲ್ಲದ ಒಂದು ತೀರ್ಮಾನ ಮೇಷ್ಟ್ರದು. ಸಂದೇಶಗಳನ್ನೆಲ್ಲ ಓದಲು ಸುಲಭವಾಗಲಿ ಅಂತ ಪಠ್ಯ ಫೈಲ್ ಮಾಡಿ ಕೊಡುತ್ತೇನೆ ಅಂದೆ. ಅದರಲ್ಲಿ ಹುಡುಗರು ಒಬ್ಬರಿಗೊಬ್ಬರು ಬರೆದ ಖಾಸಗಿ ಪತ್ರಗಳೂ ಇದ್ದವು. ಪಾಸ್‌ವರ್ಡ್ ಕೂಡ ಮುಚ್ಚುಮರೆ ಇಲ್ಲದೆ ಹಾಗೇ ಇತ್ತು, ಆಗ ಎಷ್ಟೋ ಕಡೆ ಹಾಗೆಯೇ. "ಬೇಡ. ಆಗ ಹತ್ತೊಂಬತ್ತು ವರ್ಷದ ಹುಡುಗ್ರು. ಏನೇನೋ ಬರ್ಕೊಂಡಿರ್ತಾರೆ. ನೀನೂ ಓದ್ಬೇಡ, ನಾನೂ ಓದಲ್ಲ" ಅಂದರು. ಹಳೇ ಪಾಸ್‌ವರ್ಡ್‌ಗಳನ್ನು ಹೊಸ ಫೈಲಿಗೆ ತರಲಿಲ್ಲ. ಖಾತೆ ಬೇಕಾದವರು ಮೇಷ್ಟ್ರಿಗೆ ಫೋನ್ ಮಾಡಬೇಕು. ದನಿ ಕೇಳಿ ಗುರುತು ಹಿಡಿದ ಮೇಲೆ ಅವರು ಹೊಸದು ಕೊಡುತ್ತಾರೆ. ಯಾವ ಕಂಪನಿಯ ಭದ್ರತಾ ನಿಯಮಕ್ಕೂ ಇದು ಒಗ್ಗುವುದಿಲ್ಲ. ಇದುವರೆಗೆ ಒಬ್ಬ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದಾನೆ.

ಇನ್ನು ಇಡೀ ದಿನ ತೆರೆದಿಡಬಹುದು, ಫೋನ್ ಲೈನಿನ ಗೊಡವೆ ಇಲ್ಲ ಅಂತ ಹೇಳಿದೆ. ಮೇಷ್ಟ್ರು ಒಪ್ಪಲಿಲ್ಲ. ಹಗಲಲ್ಲಿ ಎಲ್ಲರಿಗೂ ಕೆಲಸ ಇರುತ್ತೆ, ರಾತ್ರಿ ಬರಲಿ ಅಂದರು. ಹಾಗಾಗಿ ಪೈನಲ್ಲಿ, ಹೇಳಿದ ಹೊತ್ತಿಗೆ ಕೆಲಸ ಮಾಡಿಸುವ ಕ್ರಾನ್‌ಗೆ ಎರಡು ಸಾಲು ಹಾಕಿದ್ದೇನೆ. ಒಂದು 22 ಗಂಟೆಗೆ ಬೋರ್ಡ್ ತೆಗೆಯುತ್ತದೆ, ಇನ್ನೊಂದು 6ಕ್ಕೆ ಮುಚ್ಚುತ್ತದೆ. ಹೊರಡುವ ಮೊದಲು ಪೈನ ಟೈಮ್‌ಝೋನ್ ಏಷ್ಯಾ ಕೋಲ್ಕತಾ ಅಂತಲೇ ಇದೆಯಾ ಅಂತ ಎರಡು ಸಲ ನೋಡಿದೆ.